ತಲೆಕೆಳಗಾದ ಹದಿನಾರು ಗೆರೆ

ಆ ಪ್ರಯೋಗಾಲಯದಲ್ಲಿ ಏನು ಕೆಟ್ಟರೂ ಮೊದಲು ಕೇಳಿಬರುತ್ತಿದ್ದ ಮಾತು ಒಂದೇ: "ತಂತಿಮಾಮನ್ನ ಕರೀರಿ." ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆಂಟು ವರ್ಷದಿಂದ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಭೂತಗನ್ನಡಿ, ಬೆಸುಗೆ ಕಡ್ಡಿ, ನೂರೆಂಟು ಬಣ್ಣದ ತಂತಿಗಳ ನಡುವೆ ಕೂತಿದ್ದವನು ಅವನು. ಇಲಿಯ ಮೆದುಳಿನಲ್ಲಿ ಹುಟ್ಟುವ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ವಿದ್ಯುತ್ತನ್ನು ದಾರಿಯಲ್ಲೆಲ್ಲೂ ಸೋರಿಹೋಗದ ಹಾಗೆ ಕಂಪ್ಯೂಟರಿನ ಪರದೆಗೆ ತಲುಪಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಮೆದುಳಿಗೆ ಇಳಿಸುವ ಸೂಜಿ ಕೂದಲಿಗಿಂತ ತೆಳ್ಳಗಿರುತ್ತದೆ. ಅದರ ಉದ್ದಕ್ಕೂ ಏಣಿಯ ಮೆಟ್ಟಿಲಿನ ಹಾಗೆ ಹದಿನಾರು ಚುಕ್ಕೆ. ಒಂದೊಂದು ಚುಕ್ಕೆ ತಾನಿರುವ ಆಳದ ಸುದ್ದಿ ಹೇಳುತ್ತದೆ. ಪರದೆಯ ಮೇಲೆ ಅದು ಒಂದೊಂದು ಗೆರೆಯಾಗುತ್ತದೆ. ಎಲ್ಲಕ್ಕಿಂತ ಮೇಲಿನ ಗೆರೆ ಮೆದುಳಿನ ಮೇಲ್ಪದರದ್ದು, ಕೊನೆಯ ಗೆರೆ ಆಳದ್ದು. ತೊಂದರೆ ಏನೆಂದರೆ, ಸೂಜಿ ಮಾಡುವ ಕಂಪನಿಗೂ ಸಂಕೇತ ದಾಖಲು ಮಾಡುವ ಪೆಟ್ಟಿಗೆ ಮಾಡುವ ಕಂಪನಿಗೂ ಎಣ್ಣೆ ಸೀಗೆಕಾಯಿ. ಇದರ ಬಾಯಿಗೆ ಅದರ ಹಲ್ಲು ಕೂರುವುದಿಲ್ಲ. ಅದಕ್ಕೇ ನಡುವೆ ಉಗುರಿನಷ್ಟಗಲದ ಒಂದು ಬಿಲ್ಲೆ ಬೇಕು. ಈ ಕಡೆ ಹದಿನಾರು ಕಾಲು, ಆ ಕಡೆ ಹದಿನಾರು ಕಾಲು, ನಡುವೆ ಹದಿನಾರು ತಂತಿ. ಆ ಬಿಲ್ಲೆಗಳನ್ನು ತಂತಿಮಾಮ ಕೈಯಾರೆ ಬೆಸೆಯುತ್ತಿದ್ದ.

ಮೂರೂವರೆ ವರ್ಷದ ಹಿಂದೆ ಅಂಥದೊಂದು ಬಿಲ್ಲೆಯನ್ನು ಅವನು ಅರ್ಧ ಡಾಕ್ಟರಮ್ಮನಿಗೆ ಮಾಡಿಕೊಟ್ಟಿದ್ದ. ಅರ್ಧ ಡಾಕ್ಟರಮ್ಮ ಅಂದರೆ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ; ಪದವಿ ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ಅವನೇ ಇಟ್ಟ ಹೆಸರು. ಅವಳು ಅವನನ್ನು ಮಾಮ ಅನ್ನುತ್ತಿದ್ದಳು, ಅವನ ಊಟದ ಡಬ್ಬಿಗೆ ಕೇಳದೆ ಕೈ ಹಾಕುತ್ತಿದ್ದಳು. ಇಲಿಯ ಮೀಸೆಯನ್ನು ಸಣ್ಣ ಕಡ್ಡಿಯಿಂದ ಸವರಿದರೆ ಮೆದುಳಿನ ಒಂದು ಮೂಲೆಯಲ್ಲಿ ಯಾವ ಪದರ ಮೊದಲು ಎಚ್ಚರಾಗುತ್ತದೆ ಅನ್ನುವುದು ಅವಳ ಪ್ರಶ್ನೆ. ಆ ಮೂಲೆಯನ್ನು ಹೆಚ್ಚು ಜನ ನೋಡಿರಲಿಲ್ಲ. ಮೂವತ್ತೆಂಟು ಇಲಿಗಳಾದ ಮೇಲೆ ಅವಳಿಗೆ ಉತ್ತರ ಸಿಕ್ಕಿತು: ಸಂಕೇತ ಮೊದಲು ಏಳುವುದು ಆಳದಲ್ಲಿ, ಆಮೇಲೆ ಮೆಲ್ಲಗೆ ಮೇಲಕ್ಕೆ ಹತ್ತುತ್ತದೆ. ದೊಡ್ಡ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅದರ ಕೊನೆಯಲ್ಲಿ ಉಪಕರಣಗಳನ್ನು ಒದಗಿಸಿದ್ದಕ್ಕೆ ತಂತಿಮಾಮನಿಗೂ ಒಂದು ಸಾಲಿನ ಕೃತಜ್ಞತೆ ಇತ್ತು. ಆ ಹಾಳೆಯನ್ನು ಅವನು ಮನೆಗೆ ಒಯ್ದು, ಓದುವ ಕನ್ನಡಕವನ್ನು ಮರೆತೆನೆಂಬ ನೆಪ ಹೇಳಿ, ಅಕ್ಕನ ಕೈಲೇ ಗಟ್ಟಿಯಾಗಿ ಓದಿಸಿಕೊಂಡಿದ್ದ.

ಅವಳ ಪಿಎಚ್‌ಡಿ ಪ್ರಬಂಧವೂ ಮುಗಿಯುತ್ತ ಬಂದಿತ್ತು. ಅದಕ್ಕೊಂದು ಒಳ್ಳೆಯ ಚಿತ್ರ ಬೇಕೆಂದು ಅವಳು, ಮೂವತ್ತೆಂಟರ ಲೆಕ್ಕಕ್ಕೆ ಸೇರದ, ಕೊನೆಯ ಒಂದು ಇಲಿಯನ್ನು ಮೇಜಿನ ಮೇಲೆ ಮಲಗಿಸಿದ್ದ ದಿನ ಪರದೆಯ ತುಂಬ ಗುಂಯ್ ಅನ್ನುವ ಕರೆಂಟಿನ ಗೊಣಗಾಟ. ಕರೆ ಬಂತು, ತಂತಿಮಾಮ ಹೋದ. ಆ ಕೋಣೆಯ ಗೋಡೆಗೆ ಅವನೇ ಅಂಟಿಸಿದ ನಿಯಮವೊಂದಿತ್ತು: ಸೂಜಿ ಪೂರ್ತಿ ಇಳಿದು ಕೂತ ಮೇಲೆಯೇ ಪೆಟ್ಟಿಗೆ ಆನ್ ಮಾಡಬೇಕು. ಇಳಿಸುವಾಗಿನ ಕುಲುಕಾಟಕ್ಕೆ ಆಂಪ್ಲಿಫೈಯರ್ ಸುಟ್ಟೀತೆಂದು ಅವನ ಭಯ. ಅವಳು ಮೂರೂವರೆ ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಆವತ್ತು ಮಾತ್ರ ಅವನೇ ಅಂದ, "ಸೂಜಿ ಮೇಲೆತ್ತು, ಇವತ್ತೊಂದಿನ ಮೊದಲೇ ಆನ್ ಮಾಡಿಡಮ್ಮ. ಈ ಗುಂಯ್ ಎಲ್ಲಿಂದ ಬರ್ತಿದೆ ನೋಡೇಬಿಡೋಣ."

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಮತ್ತೆ ಸೂಜಿ ಇಳಿಸತೊಡಗಿದಳು. ಅವನು ಪಕ್ಕದ ಮೇಜಿನ ಹೊಸ ದೀಪದ ಪ್ಲಗ್ ಕಿತ್ತ, ಗುಂಯ್ ನಿಂತಿತು. ಗೆದ್ದವನ ಹಾಗೆ ಪರದೆಯ ಕಡೆ ತಿರುಗಿದ. ಸೂಜಿಯ ತುದಿ ಆಗ ತಾನೇ ಮೆದುಳಿಗೆ ತಾಕಿತ್ತು. ತುದಿಯ ಚುಕ್ಕೆ ಮೊದಲು ಒಳಗೆ ಹೋಗುತ್ತದೆ, ಆದ್ದರಿಂದ ಮೊದಲು ಜೀವ ಬರಬೇಕಾದದ್ದು ಕೊನೆಯ ಗೆರೆಗೆ. ಬಂದದ್ದು ಮೇಲಿನ ಗೆರೆಗೆ. ಆಮೇಲೆ ಎರಡನೆಯದಕ್ಕೆ. ಆಮೇಲೆ ಮೂರನೆಯದಕ್ಕೆ. ಉಳಿದ ಸೂಜಿ ಇನ್ನೂ ಗಾಳಿಯಲ್ಲಿ ನಿಂತಿತ್ತು, ಕೆಳಗಿನ ಗೆರೆಗಳು ಸತ್ತಂತೆ ಮಲಗಿದ್ದವು.

ತಂತಿಮಾಮ ಗೆರೆಗಳನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಎಣಿಸಿದ.

"ಮಾಮ, ಗುಂಯ್ ಹೋಯ್ತಾ?" ಅವಳು ಕಣ್ಣು ಎತ್ತದೆ ಕೇಳಿದಳು.

"ಹೋಯ್ತು," ಅಂದ.

ತನ್ನ ಕೋಣೆಗೆ ಬಂದು ಹಳೆಯ ಕಡತ ತೆಗೆದ. ಬಿಲ್ಲೆಯ ನಕ್ಷೆ ಅಲ್ಲೇ ಇತ್ತು, ಅವನದೇ ಮುದ್ದಾದ ಅಕ್ಷರದಲ್ಲಿ. ನಕ್ಷೆ ಬರೆದದ್ದು ಬಿಲ್ಲೆಯನ್ನು ಮುಂದಿನಿಂದ ನೋಡಿ. ಬೆಸೆಯುವುದು ಹಿಂದಿನಿಂದ. ಹಿಂದಿನಿಂದ ನೋಡಿದರೆ ಒಂದು ಹದಿನಾರಾಗುತ್ತದೆ, ಎರಡು ಹದಿನೈದಾಗುತ್ತದೆ. ಹೊಸದಾಗಿ ಕೆಲಸ ಕಲಿಯಲು ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಅವನು ಹೇಳಿಕೊಡುತ್ತಿದ್ದ ಪಾಠ ಅದು, ಮರೆತವರಿಗೆ ನೀರಿಳಿಸುತ್ತಿದ್ದ. ಈ ಬಿಲ್ಲೆ ಮಾಡಿದ ದಿನ ಮಾತ್ರ, ಮರುದಿನ ಬೆಳಿಗ್ಗೆ ಅವಳ ಮೊದಲ ಇಲಿ ಇದೆಯೆಂದು ಗಡಿಬಿಡಿಯಲ್ಲಿ ಬೆಸೆದು, ಕಾಲುಗಳಿಗೆ ಒಂದೊಂದಾಗಿ ಸಂಕೇತ ಕೊಟ್ಟು ನೋಡದೆ, "ನನ್ನ ಕೈಯದು, ನೋಡೋದೇನು" ಎಂದು ಕೊಟ್ಟುಬಿಟ್ಟಿದ್ದ. ಅಂದರೆ ಮೂವತ್ತೆಂಟು ಇಲಿಗಳಲ್ಲೂ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಸಂಕೇತ ಆಳದಿಂದ ಹತ್ತುತ್ತಿರಲಿಲ್ಲ, ಮೇಲಿನಿಂದ ಇಳಿಯುತ್ತಿತ್ತು. ಅಚ್ಚಾಗಿದ್ದೆಲ್ಲ ಉಲ್ಟಾ.

ಎದ್ದು ಹೋಗಿ ಹೇಳಬಹುದಿತ್ತು. ಅವಳ ಕೋಣೆ ಹದಿನೈದು ಹೆಜ್ಜೆ ದೂರ. ಅವನು ಎದ್ದೂ ಎದ್ದ, ಬಾಗಿಲ ತನಕವೂ ಹೋದ. ಒಳಗೆ ಅವಳು ಯಾರಿಗೋ ಫೋನಿನಲ್ಲಿ, "ಮುಗೀತು ಕಣೇ, ಇನ್ನು ಇಲಿ ಮುಖ ನೋಡಲ್ಲ," ಎಂದು ನಗುತ್ತಿದ್ದಳು. ಆ ನಗುವನ್ನು ಕೆಡಿಸಲು ಮನಸ್ಸು ಬರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೇ ಸಮಜಾಯಿಷಿ ಹೇಳಿಕೊಂಡ. ಸುಳ್ಳು. ಅವನನ್ನು ಬಾಗಿಲಲ್ಲಿ ನಿಲ್ಲಿಸಿದ್ದು ನಾಚಿಕೆ. ಇಪ್ಪತ್ತೆಂಟು ವರ್ಷ ತಂತಿಮಾಮ ಅನ್ನಿಸಿಕೊಂಡವನು ಕಲಿಯುವವರು ಮಾಡುವ ತಪ್ಪು ಮಾಡಿದ ಅಂತ ಮೂರು ಮಹಡಿಯೂ ಮಾತಾಡಿಕೊಳ್ಳುತ್ತದಲ್ಲ, ಆ ನಾಚಿಕೆ.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಹೊಸ ಬಿಲ್ಲೆ ಬೆಸೆದ. ಈ ಸಲ ಒಂದೊಂದು ಕಾಲನ್ನೂ ಪರೀಕ್ಷಿಸಿದ, ಒಂದಲ್ಲ ಮೂರು ಸಲ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. "ಹಳೇದು ಸಡಿಲ ಆಗಿತ್ತು, ಬದಲಾಯಿಸಿದೀನಿ," ಎಂದು ಅವಳಿಗೆ ಹೇಳಿದ. ಅವಳ ಇಲಿಗಳಂತೂ ಮುಗಿದವು, ಇನ್ನು ಮುಂದೆ ಬರುವವರಿಗಾದರೂ ಸರಿಯಾದದ್ದು ಸಿಗಲಿ ಎಂಬುದು ಅವನ ಲೆಕ್ಕ. ಎಂಥ ಬುದ್ಧಿವಂತನ ಲೆಕ್ಕ!

ಹತ್ತು ದಿನ ಕಳೆಯುವುದರೊಳಗೆ ಅದು ಬುಡಮೇಲಾಯಿತು. ಪ್ರಬಂಧದ ಕರಡು ಓದಿದ ಪರೀಕ್ಷಕರೊಬ್ಬರು, ಮೀಸೆಯನ್ನು ಇನ್ನೂ ಮೆಲ್ಲಗೆ ಸವರಿದರೆ ಏನಾಗುತ್ತದೆ ಅನ್ನುವುದನ್ನೂ ತೋರಿಸಿದರೆ ಚೆನ್ನ ಎಂದು ಬರೆದರು. ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಬರೀ ಮೇಡಂ, "ಆರು ಇಲಿ ಸಾಕು, ಮಾಡಿ ಮುಗಿಸು," ಅಂದರು. ಅರ್ಧ ಡಾಕ್ಟರಮ್ಮ ಗೊಣಗುತ್ತ ಮತ್ತೆ ಮೇಜಿಗೆ ಬಂದಳು.

ಮೊದಲ ಇಲಿಯಲ್ಲಿ ಸಂಕೇತ ಮೇಲಿನಿಂದ ಕೆಳಗಿಳಿಯಿತು. ಅವಳು ನಕ್ಕು, "ಇದಕ್ಕೆ ತಲೆ ಕೆಟ್ಟಿದೆ," ಅಂದಳು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ನಗಲಿಲ್ಲ. ಮೊದಲಿನ ಹಾಗೆ ಜೋರಾಗಿ ಸವರಿ ನೋಡಿದಳು, ಆಗಲೂ ಉಲ್ಟಾ. ಅರಿವಳಿಕೆ ಬದಲಾಯಿಸಿದಳು. ಮೆದುಳನ್ನು ತೆಳ್ಳಗೆ ಹೋಳು ಮಾಡಿ ಸೂಜಿ ಇಳಿದ ದಾರಿ ಹುಡುಕಿದಳು. ಸೂಜಿ ಇರಬೇಕಾದ ಜಾಗದಲ್ಲೇ ಇತ್ತು. ಐದನೆಯ ಇಲಿ ಆದ ಮೇಲೆ ತಂತಿಮಾಮನ ಬಾಗಿಲಿಗೆ ಬಂದು ನಿಂತಳು.

"ಮಾಮ, ಬೇಜಾರು ಮಾಡ್ಕೋಬೇಡಿ. ಹೊಸ ಬಿಲ್ಲೆಯಲ್ಲೋ ಪೆಟ್ಟಿಗೆಯಲ್ಲೋ ಏನಾದ್ರೂ ತೊಂದ್ರೆ ಇರಬಹುದಾ?"

ಆಗಲೂ ಹೇಳಬಹುದಿತ್ತು. ಅವಳೇ ಬಾಗಿಲು ತೆರೆದು ನಿಂತಿದ್ದಳು. ತಂತಿಮಾಮ ಸಂಕೇತ ಕೊಡುವ ಸಣ್ಣ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಹಿಂದೆ ಹೋದ, ಬಿಲ್ಲೆಯ ಕಾಲುಗಳಿಗೆ ಒಂದೊಂದಾಗಿ ತಾಕಿಸಿದ. ಒಂದಕ್ಕೆ ಒಂದು, ಎರಡಕ್ಕೆ ಎರಡು, ಹದಿನಾರಕ್ಕೆ ಹದಿನಾರು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು.

"ನೋಡಮ್ಮ, ಎಲ್ಲಾ ಸರಿಯಾಗೇ ಇದೆ," ಅಂದ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನಿಗೆ ಮೈಯೆಲ್ಲ ಹೇಸಿಗೆಯಾದದ್ದು ಅದಕ್ಕೇ.

"ಹಾಗಾದ್ರೆ ನಾನೇ," ಎಂದಳು ಅವಳು. ಅಷ್ಟೇ ಅಂದು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು.

ಅಲ್ಲಿಂದ ಅವಳು ಇಳಿದುಹೋದದ್ದನ್ನು ಅವನು ದಿನವೂ ನೋಡಿದ. ಊಟದ ಡಬ್ಬಿಗೆ ಕೈ ಹಾಕುವುದು ನಿಂತಿತು. ಕಾರಿಡಾರಿನಲ್ಲಿ ಎದುರಾದರೆ ಗೋಡೆ ಸವರಿಕೊಂಡು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಮೇಡಂ ದನಿ ಬಾಗಿಲು ದಾಟಿ ಕೇಳಿಸಿತು: "ಒಂದೋ ಹಳೆಯ ಮೂವತ್ತೆಂಟು ತಪ್ಪು, ಇಲ್ಲಾ ಈಗಿನವು ತಪ್ಪು. ಎರಡನ್ನೂ ಮಾಡಿದ ಕೈ ನಿಂದೇ. ಯಾವುದು ಅಂತ ನೀನೇ ಕಂಡುಹಿಡಿ." ಮೇಡಂ ಕೆಟ್ಟವರೇನಲ್ಲ, ಅವರು ಕೇಳಿದ್ದೂ ನ್ಯಾಯವಾದ ಪ್ರಶ್ನೆಯೇ. ಉತ್ತರ ಗೊತ್ತಿದ್ದವನು ಮೂರು ಬಾಗಿಲಾಚೆ, ಕೆಟ್ಟಿರದ ಫ್ಯಾನೊಂದನ್ನು ಬಿಚ್ಚಿ ಒರೆಸುತ್ತ ಕೂತಿದ್ದ.

ಮನೆಯಲ್ಲಿ ಅವನ ಅಕ್ಕ ಇದ್ದಳು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿ ನಿವೃತ್ತಳಾದವಳು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಬಂದು ಜೊತೆಗಿದ್ದಳು. ಬಂದ ದಿನದಿಂದ ಮನೆಯನ್ನು ವಾರ್ಡಿನ ಹಾಗೇ ನಡೆಸುತ್ತಿದ್ದಳು. ತಟ್ಟೆಯಲ್ಲಿ ಅನ್ನ ಕಲಸುತ್ತ ಕೂತವನನ್ನು ನಾಲ್ಕು ದಿನ ನೋಡಿ, ಐದನೆಯ ದಿನ ಕೇಳಿಯೇಬಿಟ್ಟಳು.

"ಏನೋ ಅದು? ಹೊಟ್ಟೆ ಸರಿ ಇಲ್ವಾ, ಮನಸ್ಸು ಸರಿ ಇಲ್ವಾ? ಹೊಟ್ಟೆಗಾದ್ರೆ ಮಾತ್ರೆ ಇದೆ."

"ನನಗೇನಿಲ್ಲ ಅಕ್ಕ. ನಮ್ಮಲ್ಲಿ ಒಬ್ಬ ಇದ್ದಾನೆ..." ಎಂದು ಶುರುಮಾಡಿ, ಯಾರದೋ ಕಥೆಯ ಹಾಗೆ ಎಲ್ಲವನ್ನೂ ಹೇಳಿದ. ಅಕ್ಕ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ಆ ಒಬ್ಬನಿಗೆ ಮೊಸರು ಹಾಕ್ಲಾ?" ಎಂದು ಕೇಳಿದಳು. ತಂತಿಮಾಮ ತಲೆ ತಗ್ಗಿಸಿದ.

"ನಾನೂ ಒಂದ್ಸಲ ಮಾಡಿದ್ದೆ ಕಣೋ," ಅಂದಳು ಅವಳು. "ಪಕ್ಕದ ಹಾಸಿಗೆಯವರ ಇಂಜೆಕ್ಷನ್ ಒಬ್ಬ ಹೆಂಗಸಿಗೆ ಚುಚ್ಚಿದ್ದೆ. ಕೈ ತಪ್ಪೋದು ಇದ್ದಿದ್ದೇ. ಆದ್ರೆ ಡಾಕ್ಟರಿಗೆ ಹೇಳೋಕೆ ಒಂದು ಗಂಟೆ ತಗೊಂಡೆ. ಆ ಹೆಂಗಸು ಬದುಕಿದಳು, ಏನೂ ಆಗಲಿಲ್ಲ. ಚುಚ್ಚಿದ್ದನ್ನ ನಾನು ಮರೆತೇಬಿಟ್ಟೆ. ಆ ಒಂದು ಗಂಟೆ ಮಾತ್ರ ಈಗಲೂ ಕನಸಲ್ಲಿ ಬರುತ್ತೆ, ಗೊತ್ತಾ? ಬೆಳಿಗ್ಗೆ ಹೋಗಿ ಹೇಳು. ಊಟ ಮಾಡು ಈಗ."

ಅವನು ಊಟ ಮಾಡಿದ. ಬೆಳಿಗ್ಗೆ ಹೋದ. ಹೇಳಲಿಲ್ಲ. ಆವತ್ತು ಅರ್ಧ ಡಾಕ್ಟರಮ್ಮನ ಕೋಣೆಯಲ್ಲಿ ಮೇಡಂ ಇದ್ದರು. ಮರುದಿನ ಅವಳಿಗೆ ಜ್ವರ. ಆಮೇಲೆ ಶನಿವಾರ ಬಂತು. ಇಂಥದ್ದನ್ನೆಲ್ಲ ಸೋಮವಾರ ಹೇಳುವುದು ವಾಸಿ ಎನಿಸಿತು. ಸೋಮವಾರ ಅವಳು ಎಂಟನೆಯ ಇಲಿಯನ್ನು ಮೇಜಿಗೆ ತಂದಾಗಿತ್ತು. ಇದೊಂದು ಮುಗಿಯಲಿ ಎಂದ. ಹೇಳದೆ ಇರುವವನಿಗೆ ವಾರದ ಏಳು ದಿನವೂ ಅನುಕೂಲವಾಗಿಯೇ ಇರುತ್ತವೆ. ಸಂಜೆ ಅಕ್ಕ "ಹೇಳಿದ್ಯಾ?" ಎಂದು ಕಣ್ಣಲ್ಲೇ ಕೇಳುತ್ತಿದ್ದಳು, ಅವನು ಚಪ್ಪಲಿ ಬಿಡುವುದರಲ್ಲಿ ಮಗ್ನನಾಗುತ್ತಿದ್ದ. ಪ್ರಾಣಿಗಳ ಮನೆಯಿಂದ ಬಟ್ಟೆ ಮುಚ್ಚಿದ ಪಂಜರ ಕಾರಿಡಾರಿನಲ್ಲಿ ಹಾದುಹೋದಾಗಲೆಲ್ಲ ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ. ಒಂಬತ್ತು. ಹತ್ತು. ಹನ್ನೊಂದು.

ಹನ್ನೊಂದನೆಯದರ ಮರುದಿನ ಅವಳು ಒಂದು ಹಾಳೆ ಹಿಡಿದು ಅವನ ಕೋಣೆಗೆ ಬಂದಳು. ಮುಖ ಸಪ್ಪೆಯಾಗಿತ್ತು, ಆದರೆ ಶಾಂತವಾಗಿತ್ತು; ಏನನ್ನೋ ತೀರ್ಮಾನ ಮಾಡಿಬಂದವರ ಮುಖ. ಬೆಸುಗೆ ಮೇಜಿನ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು.

"ಮಾಮ, ಇದನ್ನ ಮೇಡಂಗೆ ಕೊಡ್ತಾ ಇದೀನಿ. ಪತ್ರಿಕೆಯವರಿಗೂ ಕಳಿಸ್ತೀವಿ. ಉಪಕರಣದ ಬಗ್ಗೆ ಒಂದು ಸಾಲಿದೆ, ಸರಿಯಾಗಿ ಬರೆದಿದೀನಾ ನೋಡಿ." ಅವಳೇ ಓದಿದಳು: "'ಹೊಸ ಹನ್ನೊಂದು ಪ್ರಯೋಗಗಳು ನಮ್ಮ ಹಿಂದಿನ ಫಲಿತಾಂಶಕ್ಕೆ ಪೂರ್ತಿ ವಿರುದ್ಧವಾಗಿವೆ. ಉಪಕರಣವನ್ನು ನಮ್ಮ ಹಿರಿಯ ತಂತ್ರಜ್ಞರು ನನ್ನೆದುರಿಗೇ ಪರೀಕ್ಷಿಸಿದ್ದಾರೆ, ಅದರಲ್ಲಿ ದೋಷವಿಲ್ಲ. ಆದ್ದರಿಂದ ದೋಷ ನನ್ನ ಕೈಯದು. ಹಿಂದಿನ ಯಾವ ಪ್ರಯೋಗವನ್ನು ನಂಬಬಹುದು ಎಂದು ಹೇಳಲು ನನಗೆ ಸಾಧ್ಯವಿಲ್ಲ.' ಇಷ್ಟೇ. ಕೆಳಗೆ, ನಾನು ಕೆಲಸ ಬಿಡ್ತೀನಿ ಅಂತ ಒಂದು ಸಾಲು."

ಪೆನ್ನು ತೆಗೆದು, "ಹಿರಿಯ ತಂತ್ರಜ್ಞರು ಅನ್ಲಾ, ನಿಮ್ಮ ಹೆಸರೇ ಹಾಕ್ಲಾ?" ಎಂದು ಕೇಳಿದಳು.

ತಂತಿಮಾಮ ಬೆಸುಗೆ ಕಡ್ಡಿಯನ್ನು ಆರಿಸಿದ. ಮೇಜಿನ ಖಾನೆ ಎಳೆದು ಹಳೆಯ ಬಿಲ್ಲೆಯನ್ನು ಅವಳ ಹಾಳೆಯ ಮೇಲೆ ಇಟ್ಟ.

"ದೋಷ ನಿನ್ನದಲ್ಲಮ್ಮ," ಅಂದ. "ಇದನ್ನ ನಾನು ಉಲ್ಟಾ ಬೆಸೆದಿದ್ದೆ. ಮೂವತ್ತೆಂಟಕ್ಕೂ ಇದೇ ಇತ್ತು. ಮೇಲಿಂದು ಕೆಳಗೆ ತೋರಿಸ್ತಿತ್ತು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಬೆರಳಿನಿಂದ ಒಂದೊಂದು ತಂತಿಯ ದಾರಿ ಹಿಡಿದು ಹೋದಳು. ಹದಿನಾರನೆಯದಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಹಾಗಾದ್ರೆ ಹಳೇದನ್ನ ತಿರುಗಿಸಿಬಿಟ್ರೆ..." ಎಂದು ತನ್ನಷ್ಟಕ್ಕೆ ಅಂದಳು, "ಮೂವತ್ತೆಂಟೂ, ಈ ಹನ್ನೊಂದೂ, ಎಲ್ಲಾ ಒಂದೇ ಹೇಳುತ್ತೆ. ನಲವತ್ತೊಂಬತ್ತೂ ಒಂದೇ." ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ನನ್ನ ಕೈ ಸರಿಯಾಗೇ ಇತ್ತು." ಆಮೇಲೆ ಅಳತೊಡಗಿದಳು, ಜೋರಾಗಿ, ಮಕ್ಕಳ ಹಾಗೆ ಮೂಗು ಸೊರಸೊರ ಎಳೆಯುತ್ತ. ನಾಚಿಕೆಗೇಡು ಏನೆಂದರೆ, ತಂತಿಮಾಮನಿಗೆ ಆ ಗಳಿಗೆಯಲ್ಲಿ ಹಗುರವಾಯಿತು. ಹೇಳಿಯಾಯಿತಲ್ಲ, ಇಷ್ಟೇ ಇತ್ತಲ್ಲ, ಇನ್ನು ಬೈದುಬಿಡಲಿ ಎಂದುಕೊಂಡ.

ಅವಳು ಬೈಯಲಿಲ್ಲ. ಕಣ್ಣೊರೆಸಿಕೊಂಡು, "ಇದು ಯಾರಿಗೆ ಬೇಕಾದ್ರೂ ಆಗೋದೇ ಮಾಮ," ಅಂದಳು. "ನಾನೂ ಪರೀಕ್ಷೆ ಮಾಡಿ ನೋಡಬೇಕಿತ್ತು. ಅಚ್ಚಾಗಿದ್ದನ್ನ ವಾಪಸ್ ತಗೋಬೇಕು, ಮೇಡಂ ಕೂಗಾಡ್ತಾರೆ, ಇರಲಿ. ಸಿಕ್ತಲ್ಲ, ಅಷ್ಟು ಸಾಕು. ಇವತ್ತು ಹೇಗೆ ಗೊತ್ತಾಯ್ತು?"

ಇವತ್ತು. ಆ ಒಂದು ಪದಕ್ಕೆ ತಂತಿಮಾಮ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ನಂಬಿ ನಾಳೆಯಿಂದ ಅವನ ಡಬ್ಬಿಗೆ ಮತ್ತೆ ಕೈ ಹಾಕುತ್ತಿದ್ದಳು. ಅವನ ನಾಲಿಗೆಯ ತುದಿಗೆ "ಹೂಂ" ಬಂದು ಕೂತಿತ್ತು. ಮೇಜಿನ ಮೇಲೆ ಅವಳ ಹಾಳೆ ಇತ್ತು, ಅದರಲ್ಲಿ ಅವನನ್ನು ನಂಬಿ ಅವಳು ಬರೆದ ಆ ಸಾಲಿತ್ತು.

"ಇವತ್ತಲ್ಲ," ಅಂದ. "ಗುಂಯ್ ಅಂತಿದ್ದ ದಿನ."

ಅವಳು ಅವನನ್ನೇ ನೋಡಿದಳು. ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ತಿರುಗಿದಳು, ತುಟಿ ಅಲುಗಿಸುತ್ತ ಲೆಕ್ಕ ಹಾಕಿದಳು. ಲೆಕ್ಕ ಮುಗಿದದ್ದು ಅವನಿಗೆ ಅವಳ ಬೆನ್ನಿನಲ್ಲೇ ತಿಳಿಯಿತು.

"ನಾನು ಬಂದು ಕೇಳಿದೆನಲ್ಲ ನಿಮ್ಮನ್ನ," ಅಂದಳು, ಇನ್ನೂ ಕ್ಯಾಲೆಂಡರಿನ ಕಡೆಗೇ ಮುಖ ಮಾಡಿ. "ನನ್ನೆದುರಿಗೆ ಒಂದೊಂದು ಕಾಲಿಗೂ ತಾಕಿಸಿ ತೋರಿಸಿದ್ರಿ."

ತಂತಿಮಾಮ ತೆರೆದೇ ಇದ್ದ ಖಾನೆಯನ್ನು ಮುಚ್ಚಿದ.

"ಮೂವತ್ತೆಂಟು ತಪ್ಪಿಂದ ಆಗಿದ್ದು. ಈ ಹನ್ನೊಂದು ತಪ್ಪಿಂದ ಆಗಿದ್ದಲ್ಲ. ಕೊನೇದರ ಕುತ್ತಿಗೆ ಹಿಡಿಯುವಾಗ ನಾನು ಅದಕ್ಕೆ ಸಾರಿ ಕೇಳ್ದೆ, ಗೊತ್ತಾ ನಿಮಗೆ? ನನ್ನ ಕೈ ಸರಿ ಇಲ್ಲ, ಅದಕ್ಕೆ ನೀನು ಸಾಯ್ತಿದೀಯ ಅಂತ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವಳು ತಿರುಗಿ ಬಂದು ಕೂತಳು. ತನ್ನ ಹಾಳೆಯಲ್ಲಿ ಉಪಕರಣದ ಸಾಲು, ಕೈಯ ಸಾಲು, ಕೆಲಸ ಬಿಡುವ ಸಾಲು, ಒಂದೊಂದನ್ನೇ ಅಡ್ಡ ಗೀಟು ಎಳೆದು ಹೊಡೆದುಹಾಕಿದಳು. ಹಾಳೆಯನ್ನು ಮಗುಚಿ, ಖಾಲಿ ಬೆನ್ನನ್ನು ಅವನ ಮುಂದೆ ಸರಿಸಿ, ಪೆನ್ನು ಕೊಟ್ಟಳು.

"ನೀವೇ ಬರೀರಿ. ನಾನು ಇಲ್ಲೇ ಕೂತಿರ್ತೀನಿ."

ಅವನು ಬರೆದ. ಬಿಲ್ಲೆಯನ್ನು ತಾನು ಬೆಸೆದದ್ದು, ಮುಂದಿನ ನಕ್ಷೆ ಇಟ್ಟುಕೊಂಡು ಹಿಂದಿನಿಂದ ಬೆಸೆದದ್ದು, ಪರೀಕ್ಷಿಸದೆ ಕೊಟ್ಟದ್ದು, ಅದರ ತಾರೀಖು. ಅಕ್ಷರ ಸೊಟ್ಟಗಾಯಿತು, ಆದರೂ ಬರೆದ. ಕೆಳಗೆ ಸಹಿ ಹಾಕಲು ಪೆನ್ನು ಊರಿದಾಗ ಅವಳು ಹಾಳೆಯ ಮೇಲೆ ಬೆರಳಿಟ್ಟಳು.

"ಇನ್ನೊಂದು ತಾರೀಖಿದೆ," ಅಂದಳು.

ಹೊರಗೆ ಕಾರಿಡಾರಿನಲ್ಲಿ ಯಾರೋ ಜೋರಾಗಿ ಮಾತಾಡುತ್ತ ಹೋದರು. ಅವಳು ಬೆರಳು ತೆಗೆಯಲಿಲ್ಲ. ಅವನು ಪೆನ್ನನ್ನು ಸಹಿಯ ಜಾಗದಿಂದ ಎತ್ತಿ, ಒಂದು ಸಾಲು ಮೇಲೆ ತಂದು, ತನಗೆ ಗೊತ್ತಾದ ದಿನದ ತಾರೀಖನ್ನು ಬರೆದ. ಅದರ ಮುಂದೆ, ಅವಳು ಹೇಳುವ ಮೊದಲೇ, ಆಮೇಲೆ ಸತ್ತ ಇಲಿ ಹನ್ನೊಂದು ಎಂದು ಅಕ್ಷರದಲ್ಲಿ ಬರೆದ.